ಬೇರೆ ಕಪಾಟು: ಗೌರವವೋ, ಬೇಲಿಯೋ?

ಫೆಬ್ರವರಿ ಬಂತೆಂದರೆ ಅಮೆರಿಕದ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಬಾಗಿಲ ಬಳಿ ಒಂದು ಮೇಜು ಸಿದ್ಧವಾಗುತ್ತದೆ. ಅದರ ಮೇಲೆ ಕಪ್ಪು ಲೇಖಕರ ಪುಸ್ತಕಗಳನ್ನು ಓರಣವಾಗಿ ಜೋಡಿಸಿಡುತ್ತಾರೆ. ಲ್ಯಾಂಗ್‌ಸ್ಟನ್ ಹ್ಯೂಸ್, ಜೋರಾ ನೀಲ್ ಹರ್ಸ್ಟನ್, ರಿಚರ್ಡ್ ರೈಟ್, ಜೇಮ್ಸ್ ಬಾಲ್ಡ್‌ವಿನ್, ಟೋನಿ ಮಾರಿಸನ್ ಅಲ್ಲಿ ಒಟ್ಟಿಗೆ ಕೂಡುತ್ತಾರೆ. ಮಕ್ಕಳಿಗೆ ಕಥೆ ಓದಿ ಹೇಳುತ್ತಾರೆ, ದೊಡ್ಡವರು ಕುಳಿತು ಚರ್ಚಿಸುತ್ತಾರೆ. ಮಾರ್ಚ್ ಬಂದಾಗ ಆ ಮೇಜಿಗೆ ಬೇರೆ ಪುಸ್ತಕಗಳು ಬರುತ್ತವೆ.

ಇದನ್ನು ಕಂಡು ಸಂತೋಷಪಡುವವರಿದ್ದಾರೆ, ಹುಬ್ಬು ಗಂಟಿಕ್ಕುವವರೂ ಇದ್ದಾರೆ. ಸಾಹಿತ್ಯಕ್ಕೆ ಬಣ್ಣವುಂಟೆ, ಒಳ್ಳೆಯ ಕಾದಂಬರಿ ಒಳ್ಳೆಯ ಕಾದಂಬರಿಗಳ ಸಾಲಿನಲ್ಲಿ ಇದ್ದರೆ ಸಾಲದೆ, ಬೇರೆ ತೆಗೆದಿಟ್ಟು ಮೆರೆಸುವುದೂ ಒಂದು ಬಗೆಯ ದೂರವಿಡುವಿಕೆಯೇ ಅಲ್ಲವೆ ಎಂಬುದು ಅವರ ಪ್ರಶ್ನೆ. ಇದನ್ನು ಕುಹಕವೆಂದು ತಳ್ಳಿಹಾಕುವಂತಿಲ್ಲ. ಬೇರೆ ಇಡುವುದು ಎಂಬ ಮಾತಿಗೆ ಆ ದೇಶದಲ್ಲಿ ಒಂದು ಕಹಿ ಚರಿತ್ರೆಯೇ ಇದೆ.

ವರ್ಜೀನಿಯಾ ರಾಜ್ಯದ ಅಲೆಕ್ಸಾಂಡ್ರಿಯಾ ಪಟ್ಟಣದ ಗ್ರಂಥಾಲಯಕ್ಕೆ 1939ರ ಆಗಸ್ಟ್ 21ರಂದು ಐವರು ಕಪ್ಪು ತರುಣರು ಒಬ್ಬೊಬ್ಬರಾಗಿ ಹೋದರು. ಸದಸ್ಯತ್ವದ ಕಾರ್ಡು ಕೇಳಿದರು. ಕೊಡಲಾಗದೆಂಬ ಉತ್ತರ ಬಂತು. ಆಗ ಪ್ರತಿಯೊಬ್ಬರೂ ಕಪಾಟಿನಿಂದ ಒಂದು ಪುಸ್ತಕ ತೆಗೆದುಕೊಂಡು, ಬೇರೆ ಬೇರೆ ಮೇಜುಗಳಲ್ಲಿ ಕುಳಿತು ಸದ್ದಿಲ್ಲದೆ ಓದತೊಡಗಿದರು. ಪೊಲೀಸರು ಬಂದು ಅವರನ್ನು ಹಿಡಿದೊಯ್ದು ಅಶಿಸ್ತಿನ ವರ್ತನೆಯ ಆರೋಪ ಹೊರಿಸಿದರು. ಗ್ರಂಥಾಲಯದಲ್ಲಿ ಮೌನವಾಗಿ ಓದುವುದೇ ಅಪರಾಧವಾಯಿತು! ಇದನ್ನು ಯೋಜಿಸಿದವರು ಸ್ಯಾಮ್ಯುಯೆಲ್ ಟಕ್ಕರ್ ಎಂಬ ಇಪ್ಪತ್ತಾರರ ಕಪ್ಪು ವಕೀಲ. ಪಟ್ಟಣದ ಆಡಳಿತ 1940ರಲ್ಲಿ ಕಪ್ಪು ಜನರಿಗೆಂದೇ ರಾಬರ್ಟ್ ರಾಬಿನ್ಸನ್ ಗ್ರಂಥಾಲಯವೆಂಬ ಚಿಕ್ಕ ಕಟ್ಟಡವೊಂದನ್ನು ತೆರೆಯಿತು. ಟಕ್ಕರ್ ಅವರಿಗೆ ಅಲ್ಲಿಯ ಕಾರ್ಡು ಕೊಡಲು ಮುಂದಾದರು. ಅವರು ಪತ್ರ ಬರೆದು ಅದನ್ನು ನಿರಾಕರಿಸಿದರು. ತಾವು ಕೇಳಿದ್ದು ಊರಿನ ಗ್ರಂಥಾಲಯದ ಕಾರ್ಡು ಎಂಬುದು ಅವರ ನಿಲುವು.

ಟಕ್ಕರ್ ಮಾಡಿದ್ದು ಸರಿ ಎನ್ನದೆ ನಿರ್ವಾಹವಿಲ್ಲ. ಆದರೆ ಅದಕ್ಕೂ ಹದಿಮೂರು ವರ್ಷ ಮೊದಲು ನ್ಯೂಯಾರ್ಕಿನಲ್ಲಿ ಇನ್ನೊಂದು ಬಗೆಯ ಬೇರೆ ಕಪಾಟು ಸಿದ್ಧವಾಗಿತ್ತು. ಆರ್ಟುರೊ ಶಾಂಬರ್ಗ್ ಪೋರ್ಟೊ ರಿಕೊದಲ್ಲಿ 1874ರಲ್ಲಿ ಹುಟ್ಟಿದವರು. ಕಪ್ಪು ಜನಕ್ಕೆ ಚರಿತ್ರೆಯಿಲ್ಲ, ಮಹಾಪುರುಷರಿಲ್ಲ ಎಂದು ಬಾಲ್ಯದಲ್ಲಿ ಒಬ್ಬರು ಅಧ್ಯಾಪಕರು ಹೇಳಿದ್ದು ಅವರ ಮನಸ್ಸಿಗೆ ನಾಟಿತು ಎಂಬ ಕಥೆ ಪ್ರಸಿದ್ಧ. ನ್ಯೂಯಾರ್ಕಿನ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದುಕೊಂಡೇ ಅವರು ಹಳೆಯ ಪುಸ್ತಕ, ಹಸ್ತಪ್ರತಿ, ಚಿತ್ರಗಳನ್ನು ಹುಡುಕಿ ಹುಡುಕಿ ಕೂಡಿಟ್ಟರು. ಹಾರ್ಲೆಮ್ ಬಡಾವಣೆಯ 135ನೆಯ ಬೀದಿಯ ಶಾಖಾ ಗ್ರಂಥಾಲಯದಲ್ಲಿ 1925ರಲ್ಲಿ ಕಪ್ಪು ಜನರ ಸಾಹಿತ್ಯ ಮತ್ತು ಚರಿತ್ರೆಗೆಂದು ಪ್ರತ್ಯೇಕ ವಿಭಾಗ ಆರಂಭವಾಗಿತ್ತು. ಮರುವರ್ಷ ಕಾರ್ನೆಗಿ ಸಂಸ್ಥೆಯ 10,000 ಡಾಲರ್ ನೆರವಿನಿಂದ ಶಾಂಬರ್ಗರ ಸಂಗ್ರಹ ಅಲ್ಲಿಗೆ ಸೇರಿತು. ಜನ ಅದನ್ನು ಅವಮಾನವೆನ್ನಲಿಲ್ಲ, ಹಬ್ಬವೆಂದೇ ತಿಳಿದರು. ಹುಡುಗನಾಗಿದ್ದ ಬಾಲ್ಡ್‌ವಿನ್ ವಾರಕ್ಕೆ ಮೂರು ನಾಲ್ಕು ಬಾರಿ ಆ ಗ್ರಂಥಾಲಯಕ್ಕೆ ಹೋಗಿ ಓದಿ ಬೆಳೆದವರು.

ಅಲೆಕ್ಸಾಂಡ್ರಿಯಾದ್ದೂ ಬೇರೆ, ಹಾರ್ಲೆಮಿನದ್ದೂ ಬೇರೆ. ಒಂದು ಅವಮಾನ, ಇನ್ನೊಂದು ಅಭಿಮಾನ. ವ್ಯತ್ಯಾಸ ಎಲ್ಲಿದೆ? ಗೋಡೆ ಕಟ್ಟಿದವರು ಯಾರು, ಯಾತಕ್ಕಾಗಿ ಎಂಬಲ್ಲಿದೆ. ಅಲೆಕ್ಸಾಂಡ್ರಿಯಾದಲ್ಲಿ ಬೇರ್ಪಡಿಸಿದ್ದು ಓದುಗನನ್ನು. ದೊಡ್ಡ ಬಾಗಿಲನ್ನು ಮುಚ್ಚಿಯೇ ಇಡುವುದಕ್ಕಾಗಿ ಚಿಕ್ಕ ಬಾಗಿಲೊಂದನ್ನು ತೆರೆದರು. ಹಾರ್ಲೆಮಿನಲ್ಲಿ ಬೇರೆ ಇರಿಸಿದ್ದು ಪುಸ್ತಕಗಳನ್ನು, ಅವು ಕಳೆದುಹೋಗದಿರಲಿ ಎಂಬ ಕಾರಣಕ್ಕೆ. ಓದುಗ ಯಾರೇ ಆಗಿರಲಿ, ಅಲ್ಲಿಗೆ ಬರಬಹುದಿತ್ತು.

ಹಾಗಾದರೆ ಬೇರೆಯೆಂಬುದೇ ಇಲ್ಲದೆ ಎಲ್ಲವನ್ನೂ ಸಾಮಾನ್ಯ ಕ್ರಮದಲ್ಲಿ ಸೇರಿಸಿಬಿಟ್ಟರೆ ನ್ಯಾಯವಾದೀತೆ? ಇದಕ್ಕೆ ಉತ್ತರ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದ ಗ್ರಂಥಪಾಲಕಿ ಡೊರೊತಿ ಪೋರ್ಟರ್ ಅವರ ಕೆಲಸದಲ್ಲಿದೆ. 1930ರಿಂದ 1973ರವರೆಗೆ ಅಲ್ಲಿಯ ಕಪ್ಪು ಸಾಹಿತ್ಯದ ಸಂಗ್ರಹವನ್ನು ಬೆಳೆಸಿದವರು ಅವರು. ಗ್ರಂಥಾಲಯಗಳು ಆಗ ನೆಚ್ಚಿಕೊಂಡಿದ್ದ ಡ್ಯೂಯಿ ವರ್ಗೀಕರಣದಲ್ಲಿ 325 ಎಂದರೆ ವಲಸೆ ಮತ್ತು ವಸಾಹತು, 326 ಎಂದರೆ ಗುಲಾಮಗಿರಿ. ಕಪ್ಪು ಲೇಖಕ ಏನೇ ಬರೆದಿರಲಿ, ಈ ಎರಡು ಸಂಖ್ಯೆಗಳಲ್ಲೊಂದು ಅವನಿಗೆ ಕಾದಿರುತ್ತಿತ್ತು. ಜೇಮ್ಸ್ ವೆಲ್ಡನ್ ಜಾನ್ಸನ್ ಅವರ ಕವನಸಂಗ್ರಹವೂ ವಲಸೆಯ ಸಂಖ್ಯೆಯಡಿಯಲ್ಲಿ ಹೋಗಿ ಕೂರುತ್ತಿತ್ತು. ಕವಿತೆಗೆ ಕವಿತೆಯ ಸಾಲಿನಲ್ಲಿ ಜಾಗವಿಲ್ಲ! ಪೋರ್ಟರ್ ಇದನ್ನು ಒಪ್ಪಲಿಲ್ಲ. ಕವಿತೆಯನ್ನು ಕವಿತೆಯಾಗಿ, ಚರಿತ್ರೆಯನ್ನು ಚರಿತ್ರೆಯಾಗಿ, ಸಂಗೀತವನ್ನು ಸಂಗೀತವಾಗಿ ವಿಂಗಡಿಸಿದರು.

ಸಾಮಾನ್ಯವೆಂದು ನಾವು ಕರೆಯುವ ಕ್ರಮವೂ ಯಾರೋ ಮಾಡಿದ್ದೇ, ಅದಕ್ಕೂ ಒಂದು ಅಭಿಪ್ರಾಯವಿರುತ್ತದೆ ಎಂಬುದನ್ನು ಇದು ತಿಳಿಸುತ್ತದೆ. ಬೇಲಿ ಕಣ್ಣಿಗೆ ಕಾಣುವಲ್ಲೇ ಇರಬೇಕೆಂದಿಲ್ಲ. ಪುಸ್ತಕದ ಬೆನ್ನಿಗೆ ಅಂಟಿಸಿದ ಮೂರು ಅಂಕೆಗಳಲ್ಲೂ ಇರಬಹುದು. ಹೀಗಿರುವಾಗ 'ಎಲ್ಲರೂ ಸಮಾನರು, ಬೇರೆ ಮೇಜು ಬೇಡ' ಎನ್ನುವ ಮಾತು ಎಷ್ಟೇ ಸಜ್ಜನಿಕೆಯದಾದರೂ, ಹಿಂದಿನಿಂದ ಬಂದ ಅನ್ಯಾಯವನ್ನು ಹಾಗೆಯೇ ಉಳಿಸುವುದಕ್ಕೆ ನೆಪವಾಗುತ್ತದೆ.

ಇಲ್ಲಿ ಎರಡು ಹಕ್ಕುಗಳ ಮಾತಿದೆ. ಮೊದಲನೆಯದು ಓದುಗನದು. 1927ರಲ್ಲಿ ಮೆಂಫಿಸ್ ನಗರದಲ್ಲಿ ಕೂಲಿಯ ಹುಡುಗನಾಗಿದ್ದ ರಿಚರ್ಡ್ ರೈಟ್, ಜೊತೆಗೆ ಕೆಲಸಮಾಡುತ್ತಿದ್ದ ಬಿಳಿಯನೊಬ್ಬನ ಕಾರ್ಡನ್ನು ಎರವಲು ಪಡೆದು, ಅವನೇ ಬರೆದಂತೆ ಚೀಟಿ ಬರೆದು, ಪುಸ್ತಕ ತರಲು ಗ್ರಂಥಾಲಯಕ್ಕೆ ಹೋದ ಪ್ರಸಂಗ ಅವರ ಆತ್ಮಕಥೆಯಲ್ಲಿದೆ. ಪುಸ್ತಕ ನಿನಗೇ ಬೇಕಾದದ್ದೋ ಎಂದು ಅಲ್ಲಿಯವರು ಅನುಮಾನಿಸಿದಾಗ, ತನಗೆ ಓದು ಬಾರದೆಂದು ಹೇಳಬೇಕಾಯಿತು. ಓದಲಿಕ್ಕಾಗಿ ನಿರಕ್ಷರಿಯ ವೇಷ ಹಾಕಬೇಕಾದ ಸ್ಥಿತಿ ಅದು.

ಎರಡನೆಯದು ಪುಸ್ತಕದ ಹಕ್ಕು. ಇದನ್ನು ಸ್ಪಷ್ಟವಾಗಿ ಹೇಳಿದವರು ನಮ್ಮವರೇ ಆದ ಎಸ್. ಆರ್. ರಂಗನಾಥನ್. ಕಾಸರಗೋಡು ಇನ್ನೂ ಮದರಾಸು ಪ್ರಾಂತದಲ್ಲಿದ್ದ ಕಾಲದಲ್ಲಿ, 1931ರಲ್ಲಿ, ಮದರಾಸಿನಲ್ಲಿದ್ದುಕೊಂಡು ಅವರು ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಓದುಗನಿಗೆ ಬೇಕಾದ ಪುಸ್ತಕ ಸಿಕ್ಕರೆ ಸಾಲದು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನನ್ನು ಹುಡುಕಿಕೊಡುವ ಹೊಣೆಯೂ ಗ್ರಂಥಾಲಯದ್ದೇ ಎಂಬುದು ಅವುಗಳಲ್ಲೊಂದರ ತಾತ್ಪರ್ಯ. ತಲೆಮಾರುಗಳ ಕಾಲ ಓದುಗರಿಂದ ದೂರವಿರಿಸಲಾದ ಪುಸ್ತಕಗಳನ್ನು ಬಾಗಿಲ ಬಳಿ ತಂದಿಡುವುದು ಈ ದೃಷ್ಟಿಯಲ್ಲಿ ದಾನವೂ ಅಲ್ಲ, ಮೆರವಣಿಗೆಯೂ ಅಲ್ಲ; ಬಾಕಿ ಉಳಿದ ಸಾಲದ ಒಂದು ಕಂತು.

ಆದರೂ ಲೇಖಕನ ಕಡೆಯಿಂದ ಒಂದು ಆಕ್ಷೇಪ ಉಳಿಯುತ್ತದೆ. ಹಾರ್ಲೆಮಿನ ಕವಿ ಕೌಂಟೀ ಕಲೆನ್ ತನ್ನನ್ನು ಕವಿಯೆಂದು ಕರೆಯಬೇಕೇ ಹೊರತು ಕಪ್ಪು ಕವಿಯೆಂದಲ್ಲ ಎಂದು ಬಯಸಿದವರು. ಇಂಥ ಬಯಕೆಯನ್ನು ಲ್ಯಾಂಗ್‌ಸ್ಟನ್ ಹ್ಯೂಸ್ 1926ರಲ್ಲಿ ಒಂದು ಲೇಖನದಲ್ಲಿ ಕಟುವಾಗಿ ವಿಮರ್ಶಿಸಿದರು. ತನ್ನ ಜನರಿಂದ ದೂರ ಸರಿದು ದೊಡ್ಡ ಕವಿಯಾಗುವ ಆಸೆ ಅವರಿಗೆ ಹಿಡಿಸಲಿಲ್ಲ. ಇಬ್ಬರಲ್ಲಿ ಯಾರು ಸರಿ? ಆಯ್ಕೆ ಮಾಡಲೇಬೇಕೆಂಬ ಒತ್ತಾಯವೇ ತಪ್ಪೆಂದು ನನಗೆ ತೋರುತ್ತದೆ. ಬಿಳಿಯ ಕವಿಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲವಷ್ಟೆ.

ಈ ಬಿಕ್ಕಟ್ಟಿಗೆ ಗ್ರಂಥಾಲಯದ ಬಳಿ ಹಳೆಯದೊಂದು ಉಪಾಯವಿದೆ. ಪುಸ್ತಕವೊಂದು ಕಪಾಟಿನಲ್ಲಿ ಒಂದೇ ಕಡೆ ನಿಲ್ಲಬಹುದು, ಆದರೆ ಅದರ ಸೂಚಿ ಕಾರ್ಡುಗಳು ಎಷ್ಟು ಬೇಕಾದರೂ ಇರಬಹುದು. ಲೇಖಕನ ಹೆಸರಿನಲ್ಲೊಂದು, ಕಾವ್ಯವೆಂಬಲ್ಲೊಂದು, ಹಾರ್ಲೆಮ್ ಎಂಬಲ್ಲೊಂದು. ಮನುಷ್ಯನಿಗೂ ಹೀಗೆ ಹಲವು ವಿಳಾಸಗಳಿರಬಹುದೆಂದು ಒಪ್ಪಿಕೊಂಡರೆ ಜಗಳ ಅರ್ಧ ಮುಗಿದಂತೆ.

ಆದುದರಿಂದ ಫೆಬ್ರವರಿಯ ಮೇಜಿನ ಯೋಗ್ಯತೆಯನ್ನು ಅಳೆಯಬೇಕಾದುದು ಮಾರ್ಚ್ ತಿಂಗಳಲ್ಲಿ. ಮೇಜಿನಿಂದ ತೆಗೆದ ಪುಸ್ತಕ ಕಾದಂಬರಿಗಳ ನಡುವೆ, ಕವಿತೆಗಳ ನಡುವೆ ತನ್ನ ಜಾಗಕ್ಕೆ ಹೋಯಿತೆ? ಹೊಸ ಪುಸ್ತಕಗಳನ್ನು ಕೊಳ್ಳುವ ಪಟ್ಟಿಯಲ್ಲಿ ಆ ಲೇಖಕರ ಹೆಸರು ವರ್ಷವಿಡೀ ಇದೆಯೆ? ಈ ಆಚರಣೆಗೆ ಮೊದಲಿಟ್ಟ ಕಾರ್ಟರ್ ವುಡ್‌ಸನ್, 1926ರಲ್ಲಿ ಒಂದು ವಾರವನ್ನು ಗೊತ್ತುಮಾಡಿದಾಗ, ವರ್ಷವಿಡೀ ನಡೆಯಬೇಕಾದ ಅಧ್ಯಯನಕ್ಕೆ ಅದು ಬದಲಿಯೆಂದು ಭಾವಿಸಿರಲಿಲ್ಲ. ವಾರ 1976ರಲ್ಲಿ ತಿಂಗಳಾಯಿತು. ತಿಂಗಳಾದರೂ ಅದು ನೆನಪಿಸುವ ಗಂಟೆಯೇ ಹೊರತು ಪಾಠವಲ್ಲ.

ಎರಡು ಲಿಪಿಗಳಲ್ಲಿ ಅಚ್ಚಾಗುವ ಈ ವಾರ್ಷಿಕದ ಓದುಗರಿಗೆ ಇದು ತೀರ ಪರದೇಶದ ಪ್ರಶ್ನೆಯೆನಿಸಲಾರದು. 1956ರ ನವೆಂಬರ್ 1ರ ನಂತರ ಗಡಿಯ ಈಚೆಗೆ ಉಳಿದ ಕನ್ನಡಿಗರಿಗೆ ವಾಚನಾಲಯದ ಕನ್ನಡ ಕಪಾಟು ಏನೆಂದು ಗೊತ್ತು. ಹಾಗೆಂದು ನಮ್ಮನ್ನು ಅವರೊಂದಿಗೆ ಹೋಲಿಸಿಕೊಳ್ಳಕೂಡದು. ನಮ್ಮನ್ನು ಯಾರೂ ಸಂತೆಯಲ್ಲಿ ಮಾರಲಿಲ್ಲ. ಮೌನವಾಗಿ ಓದಿದ್ದಕ್ಕೆ ಪೊಲೀಸರನ್ನು ಕರೆಸಲಿಲ್ಲ. ಆದರೆ ಅವರ ಅನುಭವದಿಂದ ಒಂದು ಅಳತೆಗೋಲನ್ನು ಕಡ ಪಡೆಯಬಹುದು. ಕನ್ನಡ ಕಪಾಟು ಕನ್ನಡಿಗರಿಗಷ್ಟೇ ಎಂದಾದರೆ ಅದು ಬೇಲಿ. ಪಕ್ಕದ ಮೇಜಿನ ಮಲೆಯಾಳಿ ಗೆಳೆಯನ ಕೈಗೂ ಅದರಿಂದೊಂದು ಪುಸ್ತಕ ಹೋದರೆ, ಮಲೆಯಾಳದ ಕಪಾಟಿನಿಂದ ನಮ್ಮ ಕೈಗೊಂದು ಬಂದರೆ ಅದು ಗೌರವ. ನಮ್ಮೊಳಗೇ ಯಾರ ಬರಹವನ್ನು ನಾವು ಮೂಲೆಗಿಟ್ಟಿದ್ದೇವೆ ಎಂಬ ಪ್ರಶ್ನೆಗೂ ಇದೇ ಅಳತೆಗೋಲು ಸಲ್ಲುತ್ತದೆ.

ಟಕ್ಕರ್ ನಿರಾಕರಿಸಿದ ಆ ರಾಬಿನ್ಸನ್ ಗ್ರಂಥಾಲಯದ ಕಟ್ಟಡ ಇಂದು ಅಲೆಕ್ಸಾಂಡ್ರಿಯಾದ ಕಪ್ಪು ಜನರ ಚರಿತ್ರೆಯ ವಸ್ತುಸಂಗ್ರಹಾಲಯ. ಓದಿದ ತಪ್ಪಿಗೆ ಐವರ ಮೇಲೆ ಹೊರಿಸಿದ್ದ ಆರೋಪವನ್ನು ನ್ಯಾಯಾಲಯ ವಜಾ ಮಾಡಿದ್ದು 2019ರಲ್ಲಿ, ಎಂಬತ್ತು ವರ್ಷಗಳ ತರುವಾಯ. ಹಾರ್ಲೆಮಿನಲ್ಲಿ, ಶಾಂಬರ್ಗರ ಹೆಸರಿನ ಸಂಶೋಧನ ಕೇಂದ್ರದ ನೆಲದಡಿಯಲ್ಲಿ 1991ರಿಂದ ಲ್ಯಾಂಗ್‌ಸ್ಟನ್ ಹ್ಯೂಸರ ಚಿತಾಭಸ್ಮವಿದೆ. ಅದಕ್ಕೆ ಬೆನ್ನು ತಾಗಿಸಿಕೊಂಡಂತೆ ನಿಂತಿರುವುದು, ಯಾರು ಬೇಕಾದರೂ ಹೋಗಿ ಪುಸ್ತಕ ಮನೆಗೆ ತರಬಹುದಾದ ಶಾಖಾ ಗ್ರಂಥಾಲಯ. 1951ರಲ್ಲಿ ಅದಕ್ಕಿಟ್ಟ ಹೆಸರು ಕೌಂಟೀ ಕಲೆನ್. ಬೇರೆಯಾಗಿ ಕಾಪಾಡುವ ಕಪಾಟು, ಎಲ್ಲರೊಂದಿಗೆ ಬೆರೆಯುವ ಕಪಾಟು ಅಲ್ಲಿ ನೆರೆಮನೆಗಳಾಗಿವೆ. ಊರಿಗೆ ಎರಡೂ ಬೇಕು.