ಶ್ರಾವಕನ ಪ್ರಯಾಣವೂ ವೇಗದ ಪ್ರಶ್ನೆಯೂ

ಗೃಹಸ್ಥಧರ್ಮದಲ್ಲಿರುವವನಿಗೆ ಪ್ರಯಾಣವು ತಪ್ಪದು. ವ್ಯಾಪಾರ, ಉದ್ಯೋಗ, ಬಂಧುಗಳ ಮನೆಯ ಶುಭಕಾರ್ಯ, ತೀರ್ಥಕ್ಷೇತ್ರಗಳ ದರ್ಶನ ಇವೆಲ್ಲವೂ ಅವನನ್ನು ಊರಿಂದೂರಿಗೆ ಕರೆದೊಯ್ಯುತ್ತವೆ. ಏನನ್ನು ತಿನ್ನಬೇಕು, ಯಾವ ಹೊತ್ತಿನಲ್ಲಿ ತಿನ್ನಬೇಕು, ಯಾವ ಉದ್ಯೋಗವನ್ನು ಕೈಗೊಳ್ಳಬಾರದು ಎಂಬ ವಿಷಯಗಳಲ್ಲಿ ಶ್ರಾವಕರ ಮನೆಗಳಲ್ಲಿ ಇಂದಿಗೂ ಎಚ್ಚರವುಂಟು. ಆದರೆ ಹೇಗೆ ಪ್ರಯಾಣ ಮಾಡಬೇಕೆಂಬುದನ್ನು ಮಾತ್ರ ಹಣ ಮತ್ತು ಸಮಯದ ಲೆಕ್ಕಕ್ಕೆ ಬಿಟ್ಟುಬಿಡುವುದು ರೂಢಿಯಾಗಿದೆ. ಅದೂ ಧರ್ಮದ ಪ್ರಶ್ನೆಯೇ ಎಂಬುದನ್ನು ಒಂದು ಉದಾಹರಣೆಯ ಮೂಲಕ ಪರಿಶೀಲಿಸಬಹುದು.

ಬೆಂಗಳೂರಿನಲ್ಲಿ ನೆಲೆಸಿದ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಚಳಿಗಾಲದ ರಜೆಯಲ್ಲಿ ಹೊಂಬುಜಕ್ಕೆ ಹೋಗಿ ಪದ್ಮಾವತಿ ಅಮ್ಮನವರ ದರ್ಶನ ಮಾಡಿ ಬರಬೇಕೆಂದು ಮನೆಯಲ್ಲಿ ನಿಶ್ಚಯವಾಗಿದೆ. ಶಿವಮೊಗ್ಗದ ಸೋಗಾನೆಯಲ್ಲಿ ನಿರ್ಮಾಣವಾದ ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಹೊರಟ ಮೊದಲ ಪ್ರಯಾಣಿಕ ವಿಮಾನವು ಅಲ್ಲಿ ಇಳಿಯಿತು. ಆಕಾಶಮಾರ್ಗವು ಒಂದು ಗಂಟೆಯಷ್ಟರದು. ಮಗನು ವಿಮಾನವೇ ಸರಿಯೆನ್ನುತ್ತಾನೆ. ತಂದೆಯು ಹಗಲಿನ ರೈಲನ್ನೇ ಬಯಸುತ್ತಾರೆ. ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿಗಳನ್ನು ದಾಟಿ ಶಿವಮೊಗ್ಗ ಸೇರಲು ಸುಮಾರು ಐದು ಗಂಟೆ ಬೇಕು. ಕಡೂರಿನ ಬಯಲಿನಲ್ಲಿ ರಾಗಿಯ ಮೆದೆಗಳು, ತೆಂಗಿನ ತೋಟಗಳು, ಬೀರೂರು ಕಳೆದ ಮೇಲೆ ಚಂದ್ರದ್ರೋಣವೆಂದು ಹಿರಿಯರು ಕರೆಯುತ್ತಿದ್ದ ಬಾಬಾಬುಡನ್ ಗಿರಿಶ್ರೇಣಿ, ತರೀಕೆರೆಯ ಸುತ್ತಿನ ಅಡಿಕೆಯ ಹಸಿರು, ಇವನ್ನೆಲ್ಲ ಮೊಮ್ಮಕ್ಕಳಿಗೆ ತೋರಿಸಬೇಕೆಂಬುದು ಅವರ ಆಸೆ. "ಅಪ್ಪಾಜಿ, ಹೋಗುವುದು ದರ್ಶನಕ್ಕೆ, ಕಿಟಕಿಯಲ್ಲಿ ಕೂರುವುದಕ್ಕಲ್ಲ" ಎಂದು ಮಗನು ಹೇಳಿದರೆ, ಆ ಮಾತಿನಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ.

ರೈಲು ಸರಳವಾದುದು, ವಿಮಾನ ಆಡಂಬರದ್ದು. ಆದ್ದರಿಂದ ತಂದೆಯ ಪಕ್ಷವೇ ಧರ್ಮದ ಪಕ್ಷವೆಂದು ಥಟ್ಟನೆ ತೀರ್ಪು ಕೊಡುವುದು ಸುಲಭ. ಶಾಸ್ತ್ರವು ಅಷ್ಟು ಸುಲಭವಾಗಿ ಯಾರನ್ನೂ ಬಿಡುವುದಿಲ್ಲ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅಣುವ್ರತಗಳ ರಕ್ಷಣೆಗೆ ಮೂರು ಗುಣವ್ರತಗಳನ್ನು ಹೇಳುತ್ತಾರೆ: ದಿಗ್ವ್ರತ, ಅನರ್ಥದಂಡವ್ರತ ಮತ್ತು ಭೋಗೋಪಭೋಗ ಪರಿಮಾಣವ್ರತ. ಸಮುದ್ರ, ನದಿ, ಅರಣ್ಯ, ಪರ್ವತಗಳಂತಹ ಪ್ರಸಿದ್ಧ ಎಲ್ಲೆಗಳನ್ನು ಗುರುತಿಸಿಕೊಂಡು, ಅವುಗಳಾಚೆಗೆ ತಾನು ಹೋಗಲಾರೆನೆಂದು ನಿಯಮ ಮಾಡುವುದೇ ದಿಗ್ವ್ರತ. ಎಲ್ಲೆಯ ಹೊರಗಿನ ಜೀವಿಗಳಿಗೆ ಆ ಶ್ರಾವಕನಿಂದ ಅಭಯ ದೊರೆಯುತ್ತದೆ ಎಂಬುದು ಅದರ ತಾತ್ಪರ್ಯ. ಮನುಷ್ಯನು ಹೋದಲ್ಲೆಲ್ಲ ಅವನೊಡನೆ ಅವನ ಆರಂಭವೂ ಹೋಗುತ್ತದೆ. ಕಡಿಮೆ ಸಂಚರಿಸುವವನು ಕಡಿಮೆ ನೋಯಿಸುತ್ತಾನೆ. ಇನ್ನು ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯೂ ಒಂದು. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಿಡಮರಗಳನ್ನು ಕಡಿಯುವುದು ಇವುಗಳ ಸಾಲಿನಲ್ಲಿಯೇ, ನಿಷ್ಪ್ರಯೋಜಕವಾಗಿ ತಾನು ತಿರುಗಾಡುವುದನ್ನೂ ಇತರರನ್ನು ತಿರುಗಾಡಿಸುವುದನ್ನೂ ಆಚಾರ್ಯರು ಸೇರಿಸಿದ್ದಾರೆ.

ಆದ್ದರಿಂದ ಮೊದಲ ಪ್ರಶ್ನೆಯು ರೈಲೋ ವಿಮಾನವೋ ಎಂಬುದಲ್ಲ. ಈ ಪ್ರಯಾಣಕ್ಕೆ ಅರ್ಥವುಂಟೇ ಎಂಬುದು. ಕೇವಲ ದೃಶ್ಯಸುಖಕ್ಕಾಗಿ ಕೈಗೊಂಡ ರೈಲು ಪ್ರಯಾಣವೂ ಪ್ರಮಾದಚರ್ಯೆಯ ಗೆರೆಯನ್ನು ದಾಟಬಹುದು. ಹೊಂಬುಜದ ಯಾತ್ರೆಗೆ ಅರ್ಥವುಂಟೆಂದು ಒಪ್ಪಿದ ಮೇಲೆಯೇ ವಾಹನದ ವಿಚಾರಕ್ಕೆ ಬರಬೇಕು.

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದುಂಟು. ಸಂಕಲ್ಪೀ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಬೇಕು. ಉಳಿದವುಗಳನ್ನು ಶಕ್ತಿಯಿದ್ದಷ್ಟು ಕುಗ್ಗಿಸಬೇಕು. ಪ್ರಯಾಣದ ಹಿಂಸೆ ಈ ಎರಡನೆಯ ಗುಂಪಿನದು. ವಿಮಾನದಲ್ಲಿ ಒಂದು ಕಿಲೋ ಇಂಧನ ಉರಿದರೆ ಸುಮಾರು 3.16 ಕಿಲೋ ಇಂಗಾಲದ ಡೈಆಕ್ಸೈಡ್ ವಾಯುಮಂಡಲವನ್ನು ಸೇರುತ್ತದೆ. ಉರಿಯುವಾಗ ಗಾಳಿಯ ಆಮ್ಲಜನಕವೂ ಕೂಡುವುದರಿಂದ ತೂಕ ಹೀಗೆ ಹೆಚ್ಚುತ್ತದೆ. ನೆಲದಿಂದ ಮೇಲೇರುವ ಹಂತದಲ್ಲಿಯೇ ಇಂಧನದ ಖರ್ಚು ಬಹಳವಾದ್ದರಿಂದ ದಾರಿಯು ಚಿಕ್ಕದಾದಷ್ಟೂ ಪ್ರತಿ ಕಿಲೋಮೀಟರಿನ ಹೊರೆ ದೊಡ್ಡದಾಗುತ್ತದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಘರ್ಷಣೆ ಅತ್ಯಲ್ಪ. ನೂರಾರು ಜನರು ಒಂದೇ ಗಾಡಿಯಲ್ಲಿ ಸಾಗುವುದರಿಂದ ಒಬ್ಬೊಬ್ಬನ ಪಾಲಿಗೆ ಬರುವ ಹೊರೆ ಹಲವು ಪಟ್ಟು ಕಡಿಮೆ. ತೇಜಸ್ಕಾಯ, ವಾಯುಕಾಯ ಜೀವಿಗಳನ್ನು ಒಪ್ಪುವ ಧರ್ಮಕ್ಕೆ ಈ ಲೆಕ್ಕವು ಹೊರಗಿನದಲ್ಲ. ಹಾಗೆಂದು ರೈಲು ನಿರ್ದೋಷಿಯೂ ಅಲ್ಲ. ಹಳಿಯ ಮೇಲೆ ದನಕರುಗಳೂ ವನ್ಯಮೃಗಗಳೂ ಸಾಯುತ್ತವೆ. ಎಂಜಿನನ್ನು ನಡೆಸುವ ವಿದ್ಯುತ್ತಿಗಾಗಿ ಎಲ್ಲಿಯೋ ಕಲ್ಲಿದ್ದಲು ಉರಿಯುತ್ತದೆ. ಶ್ರಾವಕನಿಗೆ ದೊರೆಯುವುದು ಹಿಂಸೆ ಮತ್ತು ಅಹಿಂಸೆಗಳ ನಡುವಿನ ಆಯ್ಕೆಯಲ್ಲ, ಹೆಚ್ಚು ಮತ್ತು ಕಡಿಮೆಗಳ ನಡುವಿನ ಆಯ್ಕೆ. ಅಣುವ್ರತವೆಂಬ ಹೆಸರಿನಲ್ಲಿಯೇ ಆ ವಿನಯವಿದೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. "ಒಬ್ಬನು ಹತ್ತಿದರೂ ಹತ್ತದಿದ್ದರೂ ವಿಮಾನ ಹಾರಿಯೇ ಹಾರುತ್ತದೆ, ಅದರ ಪಾಪ ಅವನಿಗೇಕೆ?" ಎಂಬುದು ಆ ಆಕ್ಷೇಪ. ಇಂತಹ ವಾದವನ್ನು ಜೈನಾಚಾರ್ಯರು ಬಹು ಹಿಂದೆಯೇ ತೂಗಿ ನೋಡಿದ್ದಾರೆ. ಕೃತ, ಕಾರಿತ, ಅನುಮೋದನ ಎಂದು ಮೂರು ದ್ವಾರಗಳಿಂದ ಕರ್ಮಾಸ್ರವವನ್ನು ಹೇಳಿದುದರ ಉದ್ದೇಶವೇ ಇದು. ತಾನು ಮಾಡದಿದ್ದರೂ ಮಾಡಿಸಿದವನು ಪಾಲುಗಾರ; ಮಾಡಿಸದಿದ್ದರೂ ಮೆಚ್ಚಿದವನು ಪಾಲುಗಾರ. ಕೊಂಡುಕೊಳ್ಳುವ ಟಿಕೇಟು ಒಂದು ಸಣ್ಣ ಅನುಮೋದನೆ. ಅಂತಹ ಸಣ್ಣ ಅನುಮೋದನೆಗಳು ಕೂಡಿದುದರಿಂದಲೇ ವಿಮಾನವು ಹಾರುತ್ತದೆ.

ಇಷ್ಟರಿಂದ ತಂದೆಯ ಪಕ್ಷ ಗೆದ್ದಂತೆ ತೋರಬಹುದು. ಆದರೆ ಅವರನ್ನು ಪರೀಕ್ಷಿಸುವ ಸ್ಥಳವೊಂದು ದಾರಿಯಲ್ಲಿಯೇ ಇದೆ. ಬೀರೂರಿನಲ್ಲಿ ಹಳಿಗಳು ಕವಲೊಡೆಯುತ್ತವೆ. 1899ರಲ್ಲಿ ಆರಂಭವಾದ ಶಿವಮೊಗ್ಗದ ಮಾರ್ಗವು ತರೀಕೆರೆಯ ಕಡೆಗೆ, ಮಲೆನಾಡಿನ ಅಂಚಿಗೆ ತಿರುಗುತ್ತದೆ. ದಾವಣಗೆರೆ, ಹುಬ್ಬಳ್ಳಿಗಳ ಮಾರ್ಗವು ಅಜ್ಜಂಪುರದ ಬಯಲಿಗೆ ಸಾಗುತ್ತದೆ. ಅಜ್ಜಂಪುರವು ಇತ್ತೀಚಿನವರೆಗೂ ತರೀಕೆರೆ ತಾಲ್ಲೂಕಿಗೇ ಸೇರಿದ್ದ ಊರು; ಆದರೆ ಅಲ್ಲಿ ಗಿರಿಯಿಲ್ಲ, ಜಲಪಾತವಿಲ್ಲ. ಇರುವುದು ಒಣಹುಲ್ಲಿನ ಕಾವಲು, ಹೊಲ, ವಿಶಾಲವಾದ ಆಕಾಶ. ಅದೇ ಕುಟುಂಬವು ಇನ್ನೊಂದು ಚಳಿಗಾಲದಲ್ಲಿ ಹುಬ್ಬಳ್ಳಿಗೆ ಹೋಗುವ ಪ್ರಸಂಗ ಬಂದರೆ, ರಮ್ಯದೃಶ್ಯಕ್ಕಾಗಿ ರೈಲನ್ನು ಮೆಚ್ಚಿದ ತಂದೆಯು ಈ ಬಯಲನ್ನೂ ನೋಡುತ್ತಾ ಕುಳಿತಾರೇ? ಅಥವಾ ನೋಡುವಂಥದ್ದೇನೂ ಇಲ್ಲವೆಂದು ಪರದೆ ಎಳೆದು ಮಲಗಿಯಾರೇ? ಮಲಗಿದರೆ ಅವರು ಮೊದಲ ಸಲ ಬಯಸಿದ್ದೂ ಭೋಗವನ್ನೇ ಎಂದಾಗುತ್ತದೆ. ಕಣ್ಣು ಒಂದು ಇಂದ್ರಿಯವಷ್ಟೆ. ಹಸಿರು ಗುಡ್ಡವು ಅದರ ಆಹಾರ. ಚೆಲುವಾದುದರಲ್ಲಿ ರಾಗ, ಚೆಲುವಲ್ಲದುದರಲ್ಲಿ ಬೇಸರ ಇದ್ದಲ್ಲಿ ಸಮತೆಯ ಅಭ್ಯಾಸ ಇನ್ನೂ ಆರಂಭವಾಗಿಲ್ಲವೆಂದೇ ತಿಳಿಯಬೇಕು.

ಮಲಗದೆ ನೋಡಿದವನಿಗೆ ಅಜ್ಜಂಪುರವು ಬೇರೊಂದು ಪಾಠವನ್ನು ಹೇಳುತ್ತದೆ. ಅದು ಅಮೃತಮಹಲ್ ತಳಿಯ ದನಗಳ ಸಂವರ್ಧನಾ ಕೇಂದ್ರವಿರುವ ಊರು. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬೆಳೆದು, ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಈ ದನಗಳು ಹಾಲಿಗಿಂತ ಮಿಗಿಲಾಗಿ ವೇಗಕ್ಕೆ ಹೆಸರಾದವು. ಸೈನ್ಯದ ಫಿರಂಗಿಗಳನ್ನೂ ಸರಂಜಾಮುಗಳನ್ನೂ ಶೀಘ್ರವಾಗಿ ಎಳೆದೊಯ್ಯಲು ಅವುಗಳನ್ನು ಬಳಸುತ್ತಿದ್ದರು. ಅಂದು ವೇಗದ ಭಾರವನ್ನು ಹೊತ್ತದ್ದು ಕಣ್ಣೆದುರಿಗೆ ಕಾಣುವ ಒಂದು ಪಂಚೇಂದ್ರಿಯ ಜೀವಿ. ಅದರ ಹೆಗಲಿನ ಗಾಯವನ್ನು ನೋಡಿ ಮರುಗುವ ಅವಕಾಶವಾದರೂ ಇತ್ತು. ಇಂದು ವೇಗದ ಭಾರವು ಕಾಣದ ಗಾಳಿಯ ಮೇಲೆ, ಇನ್ನೂ ಹುಟ್ಟದವರ ಬಾಳಿನ ಮೇಲೆ, ಮಳೆಯನ್ನು ನೆಚ್ಚಿದ ಬಯಲುಸೀಮೆಯ ರೈತನ ಮೇಲೆ ಬೀಳುತ್ತದೆ. ಭಾರವು ಇಳಿದಿಲ್ಲ, ಕಣ್ಣಿಗೆ ಮರೆಯಾಗಿದೆ ಅಷ್ಟೆ. ಮುನಿಗಳು ಈರ್ಯಾಸಮಿತಿಯನ್ನು ಪಾಲಿಸುತ್ತಾ ನಾಲ್ಕು ಮೊಳದಷ್ಟು ನೆಲವನ್ನು ನೋಡಿಕೊಂಡು ಹಗಲಿನಲ್ಲಿ ಮಾತ್ರ ನಡೆಯುವುದರ ಮರ್ಮವೂ ಇಲ್ಲಿದೆ. ತನ್ನ ಚಲನೆಯಿಂದ ಯಾರಿಗೆ ನೋವಾಗುತ್ತದೆಂದು ಕಾಣುವಷ್ಟು ನಿಧಾನವಾಗಿ ಅವರು ಚಲಿಸುತ್ತಾರೆ. ಗೃಹಸ್ಥನಿಗೆ ಆ ನಡಿಗೆ ಸಾಧ್ಯವಿಲ್ಲ. ಆದರೂ ಲಭ್ಯವಿರುವ ವಾಹನಗಳಲ್ಲಿ ನೆಲವು ಕಣ್ಣಿಗೆ ಕಾಣುವಂಥದನ್ನು ಆರಿಸಿಕೊಳ್ಳುವುದು ಅದರ ಒಂದು ದೂರದ ಛಾಯೆ.

ತರೀಕೆರೆಯ ಕವಲಿನಲ್ಲಿಯೂ ನೆನೆಯಬೇಕಾದುದೊಂದಿದೆ. ಸಮೀಪದ ಅಮೃತಾಪುರದಲ್ಲಿ ಹೊಯ್ಸಳರ ಕಾಲದಲ್ಲಿ, 1196ರಲ್ಲಿ ನಿರ್ಮಾಣವಾದ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ಶಿಲಾಶಾಸನವನ್ನು ರಚಿಸಿದವನು ಜೈನಕವಿ ಜನ್ನ. 1209ರಲ್ಲಿ ಅವನು ರಚಿಸಿದ ಯಶೋಧರ ಚರಿತೆಯ ಕಥೆಯನ್ನು ಅರಿಯದ ಶ್ರಾವಕರು ವಿರಳ. ಯಶೋಧರನೂ ತಾಯಿ ಚಂದ್ರಮತಿಯೂ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಯಾವ ಪ್ರಾಣವೂ ಅಲ್ಲಿ ಹೋಗಲಿಲ್ಲ. ಆದರೂ ಆ ಸಂಕಲ್ಪಮಾತ್ರದಿಂದ ಅವರು ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಹೊರಗಿನ ಕ್ರಿಯೆ ಎಷ್ಟು ಅಲ್ಪವಾಗಿದ್ದರೂ ಒಳಗಿನ ಭಾವವನ್ನು ಕರ್ಮವು ಗಮನಿಸುತ್ತದೆ ಎಂಬುದು ಆ ಕಥೆಯ ಸಾರ. ರೈಲಿನಲ್ಲಿ ಕುಳಿತು, ವಿಮಾನದಲ್ಲಿ ಹೋದ ನೆಂಟರನ್ನು ಹೀಗಳೆಯುತ್ತಾ ತನ್ನ ಸರಳತೆಯನ್ನು ತಾನೇ ಹೊಗಳಿಕೊಳ್ಳುವವನು ಹೊಗೆಯನ್ನು ಕಡಿಮೆ ಮಾಡಿರಬಹುದು, ಮಾನಕಷಾಯವನ್ನಲ್ಲ. ಹಾಗೆಯೇ, ಭಾವವು ಶುದ್ಧವಾಗಿದ್ದರೆ ಸಾಕೆಂದು ಹೇಳಿ ದ್ರವ್ಯಹಿಂಸೆಯನ್ನು ಕಡೆಗಣಿಸುವುದೂ ಸಲ್ಲದು. ಭಾವಶುದ್ಧಿಯುಳ್ಳವನು ನೋವು ಕಡಿಮೆಯಾಗುವ ದಾರಿಯನ್ನು ಹುಡುಕದೆ ಇರಲಾರ.

ವಿಮಾನವೇ ಯುಕ್ತವಾಗುವ ಸಂದರ್ಭಗಳೂ ಉಂಟು. ಮರಣಶಯ್ಯೆಯಲ್ಲಿರುವ ತಾಯಿಯ ಬಳಿಗೆ ಧಾವಿಸುವ ಮಗನಿಗೆ, ಶಸ್ತ್ರಚಿಕಿತ್ಸೆಗೆ ಹೊರಟ ವೈದ್ಯನಿಗೆ, ದೀರ್ಘಕಾಲ ಕುಳಿತಿರಲಾರದ ವೃದ್ಧರಿಗೆ ನಿಧಾನದ ಉಪದೇಶ ಮಾಡುವುದು ಕರುಣೆಯ ಲಕ್ಷಣವಲ್ಲ. ವೈಯಾವೃತ್ಯವೂ ವ್ರತಗಳಲ್ಲಿ ಸೇರಿದೆ. ಐದು ಗಂಟೆಯ ಪ್ರಯಾಣ ಒಬ್ಬನಿಗೆ ವಿರಾಮವಾದರೆ, ವರ್ಷಕ್ಕೆ ಕೆಲವೇ ದಿನ ರಜೆ ದೊರೆಯುವ ಮಗನಿಗೆ ಅದು ನಷ್ಟ. ತಂದೆಯು ಇದನ್ನು ಗಣನೆಗೆ ತರಬೇಕು. ಆದರೆ ಮಗನೂ ತನ್ನನ್ನು ಕೇಳಿಕೊಳ್ಳಬೇಕು: ನಗರದ ದಟ್ಟಣೆಯಲ್ಲಿ ದೇವನಹಳ್ಳಿಗೆ ಹೋಗುವ ಹೊತ್ತು, ತಪಾಸಣೆಯ ಸಾಲು, ಕಾಯುವ ಹೊತ್ತು ಇವನ್ನೆಲ್ಲ ಕಳೆದ ಮೇಲೆ ಉಳಿದ ಸಮಯವೆಷ್ಟು? ಉಳಿದದ್ದು ಸ್ವಾಧ್ಯಾಯಕ್ಕೆ ಸಂದಿತೇ, ಕ್ಷೇತ್ರದಲ್ಲಿ ಇನ್ನೊಂದು ಗಳಿಗೆಯ ಸಾಮಾಯಿಕಕ್ಕೆ ಸಂದಿತೇ, ಅಥವಾ ಕೈಯಲ್ಲಿನ ಮೊಬೈಲಿಗೆ ಸಂದಿತೇ? ಹಣದಂತೆ ಸಮಯವನ್ನೂ ಕೂಡಿಡಬೇಕೆಂಬ ಆಸೆಯುಂಟು. ಉಪಯೋಗವಿಲ್ಲದೆ ಕೂಡಿಟ್ಟದ್ದು ಪರಿಗ್ರಹ.

ಬಸದಿಗಳ ಆಡಳಿತ ಮಂಡಳಿಗಳಿಗೂ ಈ ವಿಚಾರ ಸಂಬಂಧಿಸಿದೆ. ಸಭೆಗೆ ಬರುವ ಸದಸ್ಯರ, ಉತ್ಸವಕ್ಕೆ ಬರುವ ಅತಿಥಿಗಳ ಪ್ರಯಾಣವೆಚ್ಚ ಭಕ್ತರ ಕಾಣಿಕೆಯಿಂದ ಸಲ್ಲುತ್ತದೆ. ಪಾದವಿಹಾರದಿಂದ ನೂರಾರು ಹರದಾರಿ ನಡೆದು ಬರುವ ಮುನಿಸಂಘವನ್ನು ಸ್ವಾಗತಿಸುವ ಸಭೆಗೆ, ಹಗಲಿನ ರೈಲು ಇರುವ ಊರಿನಿಂದ ಆರೋಗ್ಯವಂತರು ಬಸದಿಯ ಹಣದಲ್ಲಿ ಹಾರಿ ಬರುವುದು ಎಷ್ಟು ಸಂಗತ? ತುರ್ತು, ವೃದ್ಧಾಪ್ಯ, ಅನಾರೋಗ್ಯ ಈ ಮೂರನ್ನು ಬಿಟ್ಟು ಉಳಿದ ಸಂದರ್ಭಗಳಲ್ಲಿ ಹತ್ತಿರದ ಊರುಗಳಿಗೆ ರೈಲನ್ನೇ ಬಳಸಬೇಕೆಂದು ಒಂದು ನಿರ್ಣಯ ಮಾಡುವುದು ಕಷ್ಟವಲ್ಲ. ಉಳಿದ ಹಣವು ಬಸದಿಯ ಸೋರುವ ಮಾಡಿಗೋ, ಪಾಠಶಾಲೆಯ ಪುಸ್ತಕಗಳಿಗೋ ಸಲ್ಲಬಹುದು.

ಹಾಗಾದರೆ ಆ ಕುಟುಂಬವು ಏನು ಮಾಡಬೇಕು? ತುರ್ತಿಲ್ಲದ ಈ ಯಾತ್ರೆಗೆ ರೈಲೇ ತಕ್ಕುದು. ಆದರೆ ತಂದೆಯು ಹೇಳಿದ ಕಾರಣಕ್ಕಾಗಿ ಮಾತ್ರವಲ್ಲ. ಗುಡ್ಡಗಳ ಚೆಲುವು ಬೋನಸ್ಸಿನಂತೆ ದೊರೆಯಲಿ, ಅದೇ ಉದ್ದೇಶವಾಗದಿರಲಿ. ಮನೆಯಿಂದಲೇ ಬುತ್ತಿಯನ್ನೂ ಸೋಸಿದ ನೀರನ್ನೂ ಕಟ್ಟಿಕೊಂಡು, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಲು ಅನುವಾಗುವ ಹಗಲಿನ ಗಾಡಿಯನ್ನು ಹತ್ತಲಿ. ಕಡೂರು ಬರುವ ಹೊತ್ತಿಗೆ ಅಜ್ಜ ಮೊಮ್ಮಕ್ಕಳಿಗೆ ಯಶೋಧರನ ಕಥೆಯನ್ನು ಆರಂಭಿಸಿದರೆ ತರೀಕೆರೆಯಲ್ಲಿ ಅದು ಮುಗಿದೀತು. ಮಗನು ಬೇಕಾದರೆ ಅರ್ಧ ದಾರಿ ನಿದ್ರಿಸಲಿ; ದಣಿದವನ ನಿದ್ರೆಯನ್ನು ಯಾರೂ ಪ್ರಮಾದವೆನ್ನಲಾರರು. ಮುಂದೊಮ್ಮೆ ಅಜ್ಜಂಪುರದ ದಾರಿಯಲ್ಲಿ ಹೋಗುವಾಗ, ಚೆಲುವಿಲ್ಲದ ಬಯಲಿನ ಮುಂದೆಯೂ ಪರದೆಯನ್ನು ಎಳೆಯದೆ ಕುಳಿತರೆ, ಅಂದು ಅವರು ಆರಿಸಿಕೊಂಡ ದಾರಿ ನಿಜವಾಗಿ ವ್ರತವಾಗುತ್ತದೆ.