ಕೋಳಿಯ ಕೊರಳು ಮುಟ್ಟಿ ನೋಡುವ ಹೊತ್ತು

ಆರೋಗ್ಯವಾಗಿರುವ ಕೋಳಿಯ ಮೇವಿನ ಚೀಲ ಮುಂಜಾನೆ ಖಾಲಿ ಇರುತ್ತದೆ. ಕೊರಳ ಬುಡದಲ್ಲಿ, ಎದೆಯ ಬಲಕ್ಕೆ ತುಸು ಸರಿದು, ಗರಿಗಳ ಕೆಳಗೆ ಅಡಗಿರುವ ಚೀಲ ಅದು. ದಿನವಿಡೀ ಹೆಕ್ಕಿದ ಕಾಳು, ಹುಳ, ಎಳೆ ಹುಲ್ಲು ಎಲ್ಲ ಮೊದಲು ಸೇರುವುದು ಅಲ್ಲಿಗೆ. ಸಂಜೆ ಗೂಡು ಹೊಗುವಾಗ ಅದು ಕೈಗೆ ಸಿಗುವಷ್ಟು ಉಬ್ಬಿರುತ್ತದೆ. ಕೋಳಿ ಕಣ್ಣು ಮುಚ್ಚಿ ಕೂತಿರುವಾಗ ಒಳಗಿನ ಮೇವು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯುತ್ತ, ಬೆಳಗಾಗುವುದರೊಳಗೆ ಚೀಲ ಬರಿದಾಗುತ್ತದೆ. ಗೂಡಿನ ಬಾಗಿಲು ತೆಗೆಯುವ ಮೊದಲು, ನುಚ್ಚು ಚೆಲ್ಲುವ ಮೊದಲು ಸಿಗುವ ಆ ಸ್ವಲ್ಪ ಹೊತ್ತಿನಲ್ಲಿ ಮಾತ್ರ ಕೋಳಿಯ ಹೊಟ್ಟೆಯ ಸುದ್ದಿ ಸರಿಯಾಗಿ ತಿಳಿಯುತ್ತದೆ. ಒಮ್ಮೆ ಅದು ಅಂಗಳಕ್ಕಿಳಿದು ನಾಲ್ಕು ಕಾಳು ತಿಂದರೆ, ನಿನ್ನೆಯದು ಯಾವುದು ಇಂದಿನದು ಯಾವುದು ಎಂದು ಬೆರಳಿಗೆ ಗೊತ್ತಾಗುವುದಿಲ್ಲ.

ನಮ್ಮ ಹಾರೂಗೇರಿಯ ಸುತ್ತ ಕಬ್ಬು, ಗೋವಿನಜೋಳ, ಅರಿಶಿಣ. ಇಲ್ಲಿ ಮಾತೆಲ್ಲ ಎಕರೆಯದು, ಟನ್ನಿನದು, ಫ್ಯಾಕ್ಟರಿಯ ಬಿಲ್ಲಿನದು, ಸಾಂಗಲಿ ಪೇಟೆಯ ಅರಿಶಿಣದ ದರದ್ದು. ಹಿತ್ತಲ ಜವಾರಿ ಕೋಳಿ ಈ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಅದು ಮನೆಯ ಹೆಂಗಸರ ಬದುಕು. ತತ್ತಿ ಮಾರಿದ ದುಡ್ಡು ಮಕ್ಕಳ ಪೆನ್ನು, ಪಟ್ಟಿ, ಚಹಾಪುಡಿಗೆ ಸದ್ದಿಲ್ಲದೆ ಹೋಗುತ್ತದೆ. ಆದರೆ 2019ರ ಜಾನುವಾರು ಗಣತಿ ತೆರೆದು ನೋಡಿದರೆ, ದೇಶದ ಸುಮಾರು 85 ಕೋಟಿ ಸಾಕುಹಕ್ಕಿಗಳಲ್ಲಿ 31 ಕೋಟಿಗೂ ಹೆಚ್ಚು ಹೀಗೆ ಹಿತ್ತಲಲ್ಲೇ ಇವೆ. ಅಷ್ಟು ಕೋಟಿ ಕೊರಳುಗಳನ್ನು ಮುಂಜಾನೆ ಮುಟ್ಟಿ ನೋಡುವವರು ಯಾರು? ಮುಟ್ಟಿ ನೋಡುವವರಿದ್ದರೆ ಅವರು ಯಾವ ಗಣತಿಯಲ್ಲೂ ಇಲ್ಲದ ಅವ್ವಂದಿರು, ಆಯಿಗಳು.

ಕಾಳು ಕಂಡ ಕೋಳಿ ತನ್ನ ಕುಲವನ್ನೆಲ್ಲ ಕೂಗಿ ಕರೆಯುವುದನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲೇ ಕಂಡು ವಚನವೊಂದರಲ್ಲಿ ಮನುಷ್ಯರಿಗೆ ತೋರಿಸಿದರು. ಹಿತ್ತಲಲ್ಲಿ ನಿಂತರೆ ಇಂದಿಗೂ ಕಾಣುತ್ತದೆ. ಮರಿಯಿರುವ ಕೋಳಿ ಹುಳ ಸಿಕ್ಕರೆ ತಾನು ನುಂಗದೆ ಕೊಕ್ಕಿನಿಂದ ಎತ್ತಿ ಇಳಿಸಿ, ಎತ್ತಿ ಇಳಿಸಿ ಕರೆಯುತ್ತದೆ. ಅನ್ನ ಸಿಕ್ಕಾಗ ಅಷ್ಟು ದೊಡ್ಡದಾಗಿ ಕೂಗುವ ಜೀವ, ನೋವಾದಾಗ ಮಾತ್ರ ಬಾಯಿ ಬಿಡುವುದಿಲ್ಲ. ಹೊಟ್ಟೆ ಕಟ್ಟಿದ ಕೋಳಿಯೂ ಉಳಿದವುಗಳ ಜೊತೆ ಓಡಿಬರುತ್ತದೆ, ನೆಲಕ್ಕೆ ಕೊಕ್ಕು ಹಾಕುತ್ತದೆ, ತಿಂದಂತೆ ಮಾಡುತ್ತದೆ. ಅದಕ್ಕೆ ಕಾರಣ ಇದೆ. ನಾರ್ವೆಯ ಶೆಲ್ಡರುಪ್-ಎಬ್ಬೆ ಎಂಬಾತ ಹುಡುಗನಿದ್ದಾಗಿನಿಂದ ಕೋಳಿಗಳನ್ನೇ ನೋಡುತ್ತ ಬೆಳೆದು, 1921ರಲ್ಲಿ ಅವುಗಳ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಕಟ್ಟುನಿಟ್ಟಿನ ಶ್ರೇಣಿ ಇರುವುದನ್ನು ಬರೆದ. ಸೋತಂತೆ ಕಂಡವಳು ಆ ಸಾಲಿನಲ್ಲಿ ಕೆಳಗಿಳಿಯುತ್ತಾಳೆ, ಕುಕ್ಕಿಸಿಕೊಳ್ಳುತ್ತಾಳೆ. ಮೇಲೆ ಹದ್ದಿಗೂ ಬೇಲಿಯಾಚೆಯ ಮುಂಗುಸಿಗೂ ಮೊದಲು ಕಣ್ಣಿಗೆ ಬೀಳುವವಳೂ ಅವಳೇ. ಹಾಗಾಗಿ ಮೈ ಗುಬ್ಬರಿಸಿಕೊಂಡು, ಜುಟ್ಟು ಬಿಳಿಚಿ, ಮೂಲೆ ಹಿಡಿದು ನಿಂತ ಕೋಳಿ ಆಗಷ್ಟೇ ಜಡ್ಡು ಬಿದ್ದದ್ದಲ್ಲ. ಮುಚ್ಚಿಡುವ ಶಕ್ತಿ ಮುಗಿದದ್ದು ಮಾತ್ರ ಆಗ.

ನಾನು ಹೇಳಬೇಕೆಂದಿರುವುದು ಇದಿಷ್ಟೇ. ದೂರು ಹೇಳಲಾರದ ಜೀವದ ಆರೈಕೆ ದೂರು ಬರುವ ಮೊದಲೇ ಶುರುವಾಗಬೇಕು. ಅದು ಔಷಧದ ಬಾಟಲಿಯಿಂದ ಶುರುವಾಗುವುದಲ್ಲ, ಏನೂ ಆಗಿಲ್ಲದ ಮುಂಜಾನೆಗಳಲ್ಲಿ ಮುಟ್ಟಿ ನೋಡುವುದರಿಂದ ಶುರುವಾಗುತ್ತದೆ.

ಬೆರಳಿಗೆ ಮೂರು ಬಗೆಯ ಸುದ್ದಿ ಸಿಗುತ್ತದೆ. ಚೀಲ ಗಟ್ಟಿಯಾಗಿ, ಹಿಟ್ಟಿನ ಉಂಡೆ ಹಿಡಿದಂತಿದ್ದರೆ ಮೇವು ಒಳಗೆ ಕಟ್ಟಿಕೊಂಡಿದೆ. ಮೆತ್ತಗೆ, ನೀರಾಡುವಂತಿದ್ದು ಬಾಯಿಂದ ಹುಳಿ ವಾಸನೆ ಬಂದರೆ ಒಳಗಿನದು ಹುಳಿತು ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಗಳು ಬೆಳೆದಿವೆ. ಚೀಲ ಖಾಲಿಯೇ ಇದ್ದರೂ ಎದೆಯ ಮೂಳೆ ಅಲಗಿನಂತೆ ಚೂಪಾಗಿ ತಾಗಿದರೆ, ಕೋಳಿ ಬಹಳ ದಿನಗಳಿಂದ ಸೊರಗುತ್ತ ಬಂದಿದೆ. ಜಂತುಹುಳವೋ ಇನ್ನೇನೋ ಒಳಗೆ ಇದೆ.

ಕಟ್ಟಿಕೊಳ್ಳುವುದಕ್ಕೆ ನಮ್ಮ ಕಡೆ ಕಾರಣಗಳಿಗೆ ಬರವಿಲ್ಲ. ಕೋಳಿಗಳು ಕಬ್ಬಿನ ರವದಿ ಕೆದರುತ್ತ ಗೆದ್ದಲು ಹುಡುಕುತ್ತವೆ, ಜೊತೆಗೆ ಉದ್ದುದ್ದ ಒಣ ನಾರು ಒಳಗೆ ಹೋಗುತ್ತದೆ. ಗೊಬ್ಬರದ ಚೀಲದ ಬಾಯಿ ಬಿಚ್ಚಿ ಎಸೆದ ದಾರ, ಚೀಲದ್ದೇ ಪ್ಲಾಸ್ಟಿಕ್ ಎಳೆಗಳು ಗಾಳಿಗೆ ಅಲುಗಾಡಿದರೆ ಕೋಳಿಯ ಕಣ್ಣಿಗೆ ಅವೂ ಹುಳ. ಇನ್ನೊಂದು ಕಾರಣ ಹೊಸದು. ಕೋಳಿಗೆ ಹಲ್ಲಿಲ್ಲ. ಚೀಲದಿಂದ ಇಳಿದ ಕಾಳನ್ನು ಅರೆಯುವುದು ಅದರ ಗಟ್ಟಿ ಸ್ನಾಯುವಿನ ಎರಡನೆಯ ಹೊಟ್ಟೆ. ಅದಕ್ಕೆ ಬೇಕಾದ ಬೀಸುಗಲ್ಲನ್ನು ಕೋಳಿ ತಾನೇ ಸಣ್ಣ ಹರಳುಗಳ ರೂಪದಲ್ಲಿ ನುಂಗಿಕೊಳ್ಳುತ್ತದೆ. ಅಂಗಳಕ್ಕೆಲ್ಲ ಫರಸಿ ಹಾಕಿ, ಹಿತ್ತಲಿಗೆ ಸಿಮೆಂಟು ಬಳಿದ ಮನೆಗಳಲ್ಲಿ ಕಟ್ಟಿಹಾಕಿದ ಕೋಳಿಗೆ ಆ ಹರಳೇ ಸಿಗುವುದಿಲ್ಲ. ಒಂದು ಬೋಗುಣಿಯಲ್ಲಿ ದಪ್ಪ ಉಸುಕು ಇಟ್ಟರೆ ಸಾಕು. ಇಷ್ಟು ಸಣ್ಣ ಉಪಚಾರದಿಂದ ಎಷ್ಟು ಹೊಟ್ಟೆಗಳು ಉಳಿದಾವು ಎಂದು ನೆನೆದರೆ ಸಂಕಟವಾಗುತ್ತದೆ.

ಮಳೆಗೆ ನೆನೆದು ಬೂಷ್ಟು ಹಿಡಿದ ಗೋವಿನಜೋಳದ್ದು ಬೇರೆ ಸಂಗತಿ. ಮನುಷ್ಯರು ತಿನ್ನಲಾಗದ್ದನ್ನು ಕೋಳಿಗೆ ಹಾಕುವ ರೂಢಿ ಎಲ್ಲೆಡೆ ಇದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿಯಿಂದ. ಹುಡುಕಿದಾಗ ಸಿಕ್ಕ ವಿಷವೇ ಅಫ್ಲಾಟಾಕ್ಸಿನ್. ಅದು ಪಿತ್ತಜನಕಾಂಗವನ್ನು ಹಾಳುಮಾಡುತ್ತದೆ, ಕುದಿಸಿದರೂ ಹೋಗುವುದಿಲ್ಲ.

ನಮ್ಮ ಹಿತ್ತಲ ಕಂದು ಕೋಳಿಗೆ ಒಮ್ಮೆ ಹೀಗೆ ಕಟ್ಟಿಕೊಂಡಿತ್ತು. ಮುಂಜಾನೆಯ ಚೀಲ ನಿನ್ನೆ ಸಂಜೆಯಷ್ಟೇ ದಪ್ಪ. ಪಕ್ಕದ ಮನೆಯ ಆಯಿ ಬೇಲಿಯ ಮೇಲಿಂದ ನೋಡಿ, “ಇದೇನ ಉಳಿಯಂಗಿಲ್ಲ ತಂಗಿ, ಸಾಯೂದ್ರಾಗ ಕೊಯ್ದ ಬಿಡ್ರಿ” ಎಂದಳು. ಅವಳ ಮಾತಿನಲ್ಲಿ ಕ್ರೌರ್ಯವಿರಲಿಲ್ಲ. ಜೀವಮಾನವಿಡೀ ಕೋಳಿ ಸಾಕಿದವಳ ಲೆಕ್ಕವಿತ್ತು, ನರಳಾಟ ಬೇಗ ಮುಗಿಯಲಿ ಎಂಬ ಕರುಣೆಯೂ ಇತ್ತು. “ಹೊಟ್ಟಿ ಕಟ್ಟೇತಿ ಅಷ್ಟ ಆಯಿ, ಇವತ್ತೊಂದ ದಿನ ನೋಡೂಣು” ಎಂದೆ.

ಕೋಳಿಯನ್ನು ಬುಟ್ಟಿಯ ಕೆಳಗೆ ಬೇರೆ ಇಟ್ಟೆ, ಆದರೆ ಉಳಿದವು ಕಾಣುವಂತೆ. ಪೂರ್ತಿ ಕಣ್ಮರೆ ಮಾಡಿದರೆ ಮರಳಿ ಬಿಟ್ಟಾಗ ಹೊರಗಿನವಳೆಂದು ಎಲ್ಲ ಸೇರಿ ಕುಕ್ಕುತ್ತವೆ. ಕಾಳು ಬಂದ್, ನೀರು ಮಾತ್ರ. ನೀರು ಕುಡಿಸುವುದರಲ್ಲೇ ಆರೈಕೆಯ ಪಾಠವೆಲ್ಲ ಇದೆ ಎಂದು ನನಗೆ ಅನ್ನಿಸಿದ್ದು ಆಗ. ಕೋಳಿಗೆ ನೀರು ಹೀರಲು ಬಾರದು. ಕೊಕ್ಕಿನಲ್ಲಿ ತುಂಬಿಕೊಂಡು ತಲೆ ಎತ್ತಿ ಇಳಿಸಿಕೊಳ್ಳಬೇಕು. ಉಸಿರಿನ ದಾರಿ ಅದರ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಪ್ರೀತಿಯಿಂದಲೇ ಆಗಲಿ, ಬಾಯಿ ಅಗಲಿಸಿ ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ, ಕೋಳಿ ಕೈಯಲ್ಲೇ ಸಾಯುತ್ತದೆ. ಕೊಕ್ಕಿನ ಅಂಚಿಗೆ ಒಂದು ಹನಿ ಮುಟ್ಟಿಸಿ ಕಾಯಬೇಕು. ಅದು ತಾನಾಗಿ ತಲೆ ಎತ್ತಿ ನುಂಗಿದ ಮೇಲೆ ಇನ್ನೊಂದು ಹನಿ. ನಾಲ್ಕು ಹನಿ ಎಣ್ಣೆಯೂ ಹಾಗೆಯೇ. ಆಮೇಲೆ ಚೀಲವನ್ನು ಬೆರಳ ತುದಿಯಿಂದ ಮೆಲ್ಲಗೆ ನಾದಬೇಕು, ಒತ್ತಬಾರದು. ತಲೆಕೆಳಗಾಗಿ ಹಿಡಿದು ಕಕ್ಕಿಸುವ ಪದ್ಧತಿಯನ್ನು ಕೆಲವರು ಹೇಳುತ್ತಾರೆ; ಅದರಿಂದ ಸತ್ತ ಕೋಳಿಗಳೇ ಹೆಚ್ಚು ಇದ್ದಾವು. ನಾಳೆ ಮುಂಜಾನೆಗೂ ಚೀಲ ಇಳಿಯದಿದ್ದರೆ ದನದ ದವಾಖಾನೆಗೆ ಒಯ್ಯಬೇಕು. ಡಾಕ್ಟರರು ಚೀಲವನ್ನು ಸಣ್ಣಗೆ ಕೊಯ್ದು ಒಳಗಿನ ಉಂಡೆ ತೆಗೆದು ಹೊಲಿಯಬಲ್ಲರು. ಹುಳಿತ ಹೊಟ್ಟೆಗೆ ಬೇರೆಯದೇ ಔಷಧ ಬೇಕು, ಅದನ್ನು ಅವರೇ ಹೇಳಬೇಕು. ಅರಿಶಿಣ, ಬೆಳ್ಳುಳ್ಳಿ, ಮಜ್ಜಿಗೆ ನಮ್ಮಲ್ಲಿ ಎಲ್ಲರೂ ಕೊಡುತ್ತಾರೆ. ಅರಿಶಿಣದ ನಾಡಲ್ಲಿ ಅದರ ಮೇಲೆ ನಂಬಿಕೆ ಇರುವುದು ಸಹಜ. ಆದರೆ ಚೀಲದಲ್ಲಿ ಸಿಕ್ಕಿಕೊಂಡ ದಾರವನ್ನು ಅರಿಶಿಣ ಕರಗಿಸಲಾರದು.

ಆ ಕೋಳಿ ಉಳಿಯಿತು. ಎಲ್ಲವೂ ಉಳಿಯುವುದಿಲ್ಲ.

ಕೋಳಿಯ ಜಡ್ಡನ್ನು ಸುಮ್ಮನೆ ನೋಡುತ್ತ ಕೂತವನೊಬ್ಬನಿಂದ ಮನುಷ್ಯಕುಲಕ್ಕೇ ಉಪಕಾರವಾದ ಕಥೆ ಒಂದಿದೆ. 1890ರ ಆಸುಪಾಸಿನಲ್ಲಿ ಜಾವಾದ ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಬೆರಿಬೆರಿಯ ರೋಗಾಣು ಹುಡುಕುತ್ತಿದ್ದ. ಪ್ರಯೋಗಕ್ಕೆ ಸಾಕಿದ್ದ ಕೋಳಿಗಳ ಕಾಲು ಸೋತು, ಅವು ತೂರಾಡತೊಡಗಿದವು. ಕೆಲವು ತಿಂಗಳ ಮೇಲೆ ತಾವಾಗಿಯೇ ಚೇತರಿಸಿಕೊಂಡವು. ಬೇರೆಯವನಾಗಿದ್ದರೆ ಬಿಟ್ಟುಬಿಡುತ್ತಿದ್ದ. ಈತ ಅವು ತಿಂದದ್ದೇನು ಎಂದು ವಿಚಾರಿಸಿದ. ಮಿಲಿಟರಿ ದವಾಖಾನೆಯ ಅಡುಗೆಮನೆಯಲ್ಲಿ ಉಳಿದ, ಪಾಲಿಶ್ ಮಾಡಿದ ಅಕ್ಕಿಯ ಅನ್ನ ಹಾಕುತ್ತಿದ್ದಷ್ಟು ದಿನ ಜಡ್ಡು ಇತ್ತು. ಹೊಸದಾಗಿ ಬಂದ ಅಡುಗೆಯವನು ಮಿಲಿಟರಿ ಅನ್ನವನ್ನು ಕೋಳಿಗೆ ಕೊಡಲಾರೆನೆಂದ ಮೇಲೆ ತೌಡು ಇದ್ದ ಅಕ್ಕಿ ಬಂತು, ಜಡ್ಡು ಹೋಯಿತು. ಆ ಗಮನದ ಎಳೆ ಹಿಡಿದೇ ಮುಂದೆ ಜೀವಸತ್ವಗಳ ತಿಳಿವಳಿಕೆ ಬೆಳೆಯಿತು; ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಸಿಕ್ಕಿತು. ಜೋಳದ ನುಚ್ಚಿನ ಬದಲು ಉಳಿದ ಬಿಳಿ ಅನ್ನವನ್ನೇ ದಿನಾ ಕೋಳಿಗೆ ಸುರಿಯುವಾಗ ನನಗೆ ಆ ಅಡುಗೆಯವನು ನೆನಪಾಗುತ್ತಾನೆ.

ಮುಂಜಾನೆ ನೋಡಬೇಕಾದದ್ದು ಇನ್ನೊಂದು, ಗೂಡಿನ ನೆಲ. ಹಿಕ್ಕೆ ನೋಡಲು ಹೇಸಬಾರದು. ಕಂದು ಹಿಕ್ಕೆ, ಮೇಲೊಂದು ಬಿಳಿ ಟೋಪಿ: ಸರಿಯಿದೆ. ದಿನಕ್ಕೆ ಒಂದೆರಡು ಸಲ ಅಂಟಂಟಾಗಿ, ಕೆಟ್ಟ ವಾಸನೆಯದ್ದು ಬಿದ್ದರೆ ಹೆದರಬೇಕಿಲ್ಲ, ಅದು ಕುರುಡುಕರುಳಿನದ್ದು. ರಕ್ತ ಕಂಡರೆ, ಅದರಲ್ಲೂ ಮಳೆಗಾಲದಲ್ಲಿ ಮರಿಗಳಲ್ಲಿ, ಅದು ರಕ್ತಭೇದಿ. ಒದ್ದೆ ನೆಲದಲ್ಲಿ ಬೆಳೆಯುವ ರೋಗ. ಔಷಧವಿದೆ, ತಡಮಾಡಬಾರದು, ನೆಲ ಒಣಗಿಸಬೇಕು. ಹಸಿರು ನೀರಿನಂಥ ಭೇದಿ, ಮೇಲುಸಿರು, ತಿರುಚಿಕೊಂಡ ಕತ್ತು ಕಂಡರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಅದು ಕೊಕ್ಕರೆ ರೋಗ.

ಆಗ ಒಂದು ಮನೆಯ ಆರೈಕೆ ಸಾಲುವುದಿಲ್ಲ. ನಮ್ಮ ಭಾಗದ ಒಂದೇ ಓಣಿಯಲ್ಲಿ ಇರುವೆ ತುಳಿಯಲೂ ಅಂಜುವ ಜೈನ ಮನೆ ಇರುತ್ತದೆ, ಅದರ ಎದುರಿಗೇ ಹಬ್ಬಕ್ಕೆಂದು ಹುಂಜ ಸಾಕುವ ಮನೆ ಇರುತ್ತದೆ. ದೆಹಲಿಯ ಕೆಂಪುಕೋಟೆಯ ಎದುರು ಜೈನರ ಲಾಲ್ ಮಂದಿರದಲ್ಲಿ ಹಕ್ಕಿಗಳಿಗೆಂದೇ ದವಾಖಾನೆ ನಡೆಸುತ್ತಾರೆ. ಆ ಕರುಣೆಗೆ ನಾನು ಕೈಮುಗಿಯುತ್ತೇನೆ. ತಿನ್ನುವವರಿಗೆ ತಿನ್ನಬೇಡಿ ಎಂದು ನಾನು ಹೇಳುವವಳಲ್ಲ. ಆದರೆ ಒಂದು ಕೋಳಿ ಜೋಲು ಬಿದ್ದ ಕೂಡಲೇ ಉಳಿದವನ್ನು ಬುಟ್ಟಿಗೆ ತುಂಬಿ ಸಂತೆಗೆ ಒಯ್ಯುವುದನ್ನು ಮಾತ್ರ ಒಪ್ಪಲಾರೆ. ಸತ್ತದ್ದನ್ನು ಕಾಲುವೆಗೆ ಎಸೆಯುವುದನ್ನೂ ಒಪ್ಪಲಾರೆ. ಆಳವಾಗಿ ಅಗೆದು ಸುಣ್ಣ ಹಾಕಿ ಹುಗಿಯಬೇಕು. ಈ ರೋಗ ಚಪ್ಪಲಿಗೆ ಅಂಟಿದ ಹಿಕ್ಕೆಯಲ್ಲೂ ಊರೂರು ದಾಟುತ್ತದೆ. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಂಡದ್ದು, ಒಂದೆರಡು ವರ್ಷಗಳಲ್ಲೇ ಕುಮಾವೂನ್ ಬೆಟ್ಟಗಳ ರಾಣಿಖೇತದಲ್ಲಿ ಕಾಣಿಸಿ ನಮ್ಮ ದೇಶದಲ್ಲಿ ಆ ಊರಿನ ಹೆಸರನ್ನೇ ಹೊತ್ತಿತು. ಬಂದ ಮೇಲೆ ಔಷಧವಿಲ್ಲ. ಬರುವ ಮೊದಲು ಲಸಿಕೆ ಇದೆ: ಮರಿಗೆ ಮೊದಲ ವಾರದಲ್ಲೇ ಕಣ್ಣು ಮೂಗಿಗೆ ಹನಿ, ಎರಡು ತಿಂಗಳಾದ ಮೇಲೆ ಸೂಜಿ. ಲಸಿಕೆ ಬೆಂಗಳೂರಿನ ಹೆಬ್ಬಾಳದ ಸರಕಾರಿ ಸಂಸ್ಥೆಯಲ್ಲೇ ತಯಾರಾಗುತ್ತದೆ.

ತೊಡಕು ಇರುವುದು ಸೀಸೆಯಲ್ಲಿ. ಒಂದು ಸೀಸೆಯಲ್ಲಿ ನೂರು ಕೋಳಿಗೋ ಅದಕ್ಕೂ ಹೆಚ್ಚಿಗೋ ಆಗುವಷ್ಟು ಲಸಿಕೆ ಇರುತ್ತದೆ. ನೀರು ಬೆರೆಸಿದ ಮೇಲೆ ಒಂದೆರಡು ತಾಸಿನೊಳಗೆ ಮುಗಿಸಬೇಕು, ಅಲ್ಲಿಯವರೆಗೂ ಬರ್ಫದಲ್ಲಿಡಬೇಕು. ಆರೇಳು ಕೋಳಿಯ ಮನೆಗೆ ಯಾರು ಸೀಸೆ ಒಡೆಯುತ್ತಾರೆ? ಆದ್ದರಿಂದ ಓಣಿಯೇ ಕೂಡಬೇಕು. ಹೆಸರು ಬರೆದುಕೊಳ್ಳಬೇಕು, ದವಾಖಾನೆಯವರಿಗೆ ದಿನ ಕೇಳಬೇಕು, ದೂರದ ತೋಟದ ಮನೆಗಳವರು ಪಶು ಸಹಾಯವಾಣಿ 1962ಕ್ಕೆ ಫೋನು ಮಾಡಿ ವಿಚಾರಿಸಬೇಕು. ಅವತ್ತು ಯಾರೂ ಹೊತ್ತೇರುವ ಮೊದಲು ಗೂಡು ತೆಗೆಯಬಾರದು. ಒಮ್ಮೆ ಕಬ್ಬಿನ ಪಡಕ್ಕೆ ಹೊಕ್ಕ ಕೋಳಿ ಸಂಜೆಯವರೆಗೂ ಕೈಗೆ ಸಿಗುವುದಿಲ್ಲ.

ಪಟ್ಟಿ ಹಿಡಿದು ಹೊರಟಾಗ ಆಯಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. “ನಮ್ಮವು ಮರಿ ಹಿಡದ ಹನ್ನೊಂದ ಅದಾವು, ಬರಕೋ” ಎಂದಳು. ಬರೆದುಕೊಂಡೆ. “ನಮ್ಮ ತಂಗಿ ಮನ್ಯಾಗ ಇನ್ನೂ ಒಂಬತ್ತ ಅದಾವ ನೋಡ” ಎಂದು, ಸೊಸೆಯನ್ನು ಆ ಓಣಿಗೆ ಕಳಿಸಿದಳು.