ಇರುಳಿನ ಹಸಿವು

ಮೈಭಾರವನ್ನಿಳಿಸಲೆಂದು ಹಗಲೆಲ್ಲ ಅರೆಹೊಟ್ಟೆಯಲ್ಲಿರುವವನು ನಡುವಿರುಳಿನಲ್ಲಿ ಚಕ್ಕುಲಿಯ ಡಬ್ಬಿಗೆ ಕೈಯಿಡುವುದೇಕೆ? ಇದು ಸಂಕಲ್ಪದ ದೌರ್ಬಲ್ಯವೊಂದೇ ಅಲ್ಲ. ಹಗಲು ಸಲ್ಲದ ಪಾಲನ್ನು ದೇಹವು ಇರುಳಿನಲ್ಲಿ ಕೇಳುತ್ತದೆ. ನಿದ್ದೆಗೆಟ್ಟರೆ, 1999ರಲ್ಲಿ ವಿಜ್ಞಾನಿಗಳು ಗುರುತಿಸಿದ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನೂ ಹೆಚ್ಚಬಹುದು. ಆದುದರಿಂದ ದೇಹದಂಡನೆ ವ್ರತವಲ್ಲ. ಅದರ ಪಾಲನ್ನು ಹೊತ್ತಿಗೆ ಸಲ್ಲಿಸುವುದೇ ನಿಯಮ. ಸಂಜೆ ರೊಟ್ಟಿ, ಕಾಳಿನ ಪಲ್ಯ, ಮಜ್ಜಿಗೆಗಳಿಂದ ತೃಪ್ತನಾಗಿ ಸಕಾಲಕ್ಕೆ ಮಲಗಬೇಕು.

ಆದರೂ ಬಯಕೆಯೆದ್ದರೆ ತನ್ನನ್ನೇ ಕೇಳಿಕೊಳ್ಳಲಿ: ತಂಗಳು ರೊಟ್ಟಿಯಾದರೂ ಸಾಕೆ? ಸಾಕೆಂದರೆ ಅದು ಹಸಿವು. ದೀಪ ಹಚ್ಚಿ, ಕುಳಿತು, ಮಿತವಾಗಿ ಉಣ್ಣಲಿ. ಚಕ್ಕುಲಿಯೇ ಬೇಕೆಂದರೆ ಅದು ಮನದ ಬೇಸರ. ಅದಕ್ಕೆ ತಿಂಡಿ ಮದ್ದಲ್ಲ. ಇಷ್ಟಲಿಂಗಕ್ಕೆ ಅರ್ಪಿಸಿ ಉಣ್ಣುವ ಪ್ರಸಾದಕ್ಕೆ ಮರೆ ಬೇಕಿಲ್ಲ. ಮರೆಯನ್ನು ಬೇಡುವ ತುತ್ತನ್ನು ಬಿಡುವುದೇ ಲೇಸು.